ಅಂಕಿಗಳಿಗೂ ದನಿ ಬಂದಾಗ: ಮೂರು ವರ್ಷ ಲಿಟ್‌ಆರ್‌ಪಿಜಿ ಆಡಿಯೊ ಪುಸ್ತಕ ಕೇಳಿದ ಮೇಲೆ

ಆಫೀಸಿಗೆ ಹೋಗಿ ಬರಲು ನನಗೆ ದಿನಾ ಎರಡೂವರೆ ಗಂಟೆ ಬೇಕು. ಮೂರು ವರ್ಷದಿಂದ ಆ ಹೊತ್ತೆಲ್ಲ ಲಿಟ್‌ಆರ್‌ಪಿಜಿ ಆಡಿಯೊ ಪುಸ್ತಕಗಳಿಗೇ ಮೀಸಲು. ಇವು ಆರ್‌ಪಿಜಿ, ಅಂದರೆ ಒಂದು ಪಾತ್ರವಾಗಿ ಆಡುತ್ತಾ ಅದನ್ನು ಬೆಳೆಸುವ ವಿಡಿಯೊ ಗೇಮಿನ ನಿಯಮಗಳ ಮೇಲೇ ಕಟ್ಟಿದ ಫ್ಯಾಂಟಸಿ ಕಥೆಗಳು. ನಾಯಕ ರಾಕ್ಷಸನನ್ನು ಕೊಂದರೆ ಎಕ್ಸ್‌ಪಿ (ಅನುಭವದ ಅಂಕ) ಸಿಗುತ್ತದೆ, ಲೆವೆಲ್ ಏರುತ್ತದೆ, ಅವನ ಬಲ ಎಷ್ಟು ಅಂತ ಅಂಕಿಯಲ್ಲೇ ಗೊತ್ತಾಗುತ್ತದೆ. ಗೇಮ್ ಆಡಿ ಬೆಳೆದವರಿಗೆ ಇದು ಸುಲಭವಾಗಿ ಹಿಡಿಸುತ್ತದೆ.

ಆದರೆ ಕಿವಿಯಲ್ಲಿ ಕೇಳುವಾಗ ಒಂದು ತೊಡಕಿದೆ. ಪುಸ್ತಕದಲ್ಲಿ ಸ್ಟ್ಯಾಟ್ಸ್, ಅಂದರೆ ಪಾತ್ರದ ಅಂಕಿಗಳ ಪಟ್ಟಿ ಬಂದರೆ ಕಣ್ಣು ಹಾಯಿಸಿ ಮುಂದೆ ಹೋಗಿಬಿಡಬಹುದು. ಆಡಿಯೊದಲ್ಲಿ ಹಾಗಾಗಲ್ಲ. ಬಲ ಇಷ್ಟು, ಬುದ್ಧಿ ಇಷ್ಟು, ಚುರುಕುತನ ಇಷ್ಟು ಅಂತ ಓದುವವರು ಓದುತ್ತಲೇ ಇರುತ್ತಾರೆ. ಹೊಸದರಲ್ಲಿ ಇದೇ ಕಾರಣಕ್ಕೆ ನಾಲ್ಕೈದು ಪುಸ್ತಕಗಳನ್ನು ಅರ್ಧಕ್ಕೇ ಬಿಟ್ಟೆ. ಈಗ ಕಥೆಗಿಂತ ಮೊದಲು ಓದಿದವರು ಯಾರು ಅಂತ ನೋಡುತ್ತೇನೆ.

ನನ್ನನ್ನು ಹಿಡಿದು ಕೂರಿಸಿದ್ದು 'ಡಂಜನ್ ಕ್ರಾಲರ್ ಕಾರ್ಲ್'. ಮ್ಯಾಟ್ ಡಿನ್ನಿಮನ್ ಬರೆದ ಸರಣಿ, ಮೊದಲ ಭಾಗ ಬಂದಿದ್ದು 2020ರಲ್ಲಿ. ಓದಿದವರು ಜೆಫ್ ಹೇಸ್. ಚಳಿಯ ರಾತ್ರಿ, ಮಾಜಿ ಗೆಳತಿಯ ಬೆಕ್ಕು ಕಿಟಕಿಯಿಂದ ಹೊರಗೆ ಹಾರುತ್ತದೆ. ಕಾರ್ಲ್ ಚಡ್ಡಿಯಲ್ಲೇ, ಅವಳ ಗುಲಾಬಿ ಬಣ್ಣದ ಕ್ರಾಕ್ಸ್ ಚಪ್ಪಲಿ ಮೆಟ್ಟಿಕೊಂಡು ಹಿಂದೆ ಓಡುತ್ತಾನೆ. ಅಷ್ಟರಲ್ಲಿ ಭೂಮಿಯ ಮೇಲಿನ ಕಟ್ಟಡಗಳೆಲ್ಲ ಕುಸಿಯುತ್ತವೆ. ಬದುಕಿ ಉಳಿದವರಿಗೆ 18 ಅಂತಸ್ತಿನ ನೆಲಮಾಳಿಗೆ ಒಂದೇ ದಾರಿ. ಅದು ರಾಕ್ಷಸರ ಜೊತೆ ಹೋರಾಡುವ ಒಂದು ಆಟ. ಅವರು ಒಳಗೆ ಸಾಯುವುದನ್ನು ಇಡೀ ಬ್ರಹ್ಮಾಂಡ ಟಿವಿಯಲ್ಲಿ ನೋಡುತ್ತದೆ.

ಇದರಲ್ಲಿ ಅಂಕಿಗಳನ್ನು ಹೇಳುವುದೇ ಒಂದು ಪಾತ್ರ. ಆಟ ನಡೆಸುವ ಯಂತ್ರಬುದ್ಧಿಗೆ ಹೇಸ್ ಟಿವಿ ಸ್ಪರ್ಧೆಯ ನಿರೂಪಕನ ಅಬ್ಬರದ ದನಿ ಕೊಟ್ಟಿದ್ದಾರೆ. ಹೊಸ ಸಾಧನೆ ಅಂತ ಕೂಗಿ, ಕಾರ್ಲ್‌ನನ್ನು ಹಂಗಿಸಿ, ಆಮೇಲೆ ಲೂಟ್ ಬಾಕ್ಸ್ (ಬಹುಮಾನದ ಪೆಟ್ಟಿಗೆ) ಕೊಡುತ್ತದೆ. ಇನ್ನೊಬ್ಬರ ಬಾಯಲ್ಲಿ ಬೇಸರ ತರಿಸುವ ಪಟ್ಟಿ ಇಲ್ಲಿ ಮಾತುಕತೆ ಆಗುತ್ತದೆ. ಡೋನಟ್ ಅನ್ನೋ ಆ ಬೆಕ್ಕು ಬಿಸ್ಕೆಟ್ ತಿಂದು ಮೊದಲ ಸಲ ಬಾಯಿ ಬಿಟ್ಟಾಗ ನಾನು ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದೆ. ಬೆಕ್ಕುಗಳ ಸ್ಪರ್ಧೆಗಳಲ್ಲಿ ಗೆದ್ದ ಬೆಕ್ಕಿನ ಗತ್ತೆಲ್ಲ ಆ ಕೀಚಲು ದನಿಯಲ್ಲಿತ್ತು. ಯಾರೋ ಹೆಂಗಸು ಓದುತ್ತಿದ್ದಾರೆ ಅಂತಲೇ ಅಂದುಕೊಂಡಿದ್ದೆ. ಅದೂ ಹೇಸ್ ಅವರೇ. ಹರಿಕಥೆ ದಾಸರು ಒಬ್ಬರೇ ರಾವಣನೂ ಆಗಿ ಸೀತೆಯೂ ಆಗುವುದನ್ನು ಕೇಳಿ ಬೆಳೆದವನು ನಾನು. ಆ ಖುಷಿ ಬಹಳ ವರ್ಷದ ಮೇಲೆ ಮತ್ತೆ ಸಿಕ್ಕಿತು.

ನಗಿಸುವ ಕಥೆ ಅಂತ ಸುಮ್ನೆ ಕೇಳಲು ಹೋದರೆ ಪೆಟ್ಟು ಬೀಳುತ್ತದೆ. ಮೊದಲ ಭಾಗದಲ್ಲೇ ವೃದ್ಧಾಶ್ರಮದ ಮುದುಕರು ವೀಲ್‌ಚೇರ್ ಸಮೇತ ಈ ನೆಲಮಾಳಿಗೆಯಲ್ಲಿ ಸಿಕ್ಕಿಕೊಂಡಿರುತ್ತಾರೆ. ಅವರು ಹೋರಾಡಿ ಲೆವೆಲ್ ಏರಿಸಿಕೊಳ್ಳುವುದು ಹೇಗೆ? ಪ್ರತಿ ಅಂತಸ್ತಿಗೂ ಒಂದು ಗಡುವಿದೆ, ಅದು ಮುಗಿದರೆ ಅಂತಸ್ತೇ ಕುಸಿಯುತ್ತದೆ. ಅವರನ್ನು ಬಿಟ್ಟು ಬರದ ಆರೈಕೆಯವರ ಮಾತು ಕೇಳುತ್ತಾ ನನ್ನ ಸ್ಟಾಪ್ ದಾಟಿ ಹೋಯಿತು. ನಮ್ಮಜ್ಜಿಯ ಕೊನೆಯ ದಿನಗಳು ನೆನಪಾದವು.

ಎರಡನೆಯದು 'ಹೀ ಹೂ ಫೈಟ್ಸ್ ವಿತ್ ಮಾನ್‌ಸ್ಟರ್ಸ್'. ಬರೆದವರು ಶರ್ಟಲೂನ್ ಅನ್ನೋ ಹೆಸರಿನ ಆಸ್ಟ್ರೇಲಿಯಾದ ಲೇಖಕ, ಓದಿದವರು ಹೀತ್ ಮಿಲ್ಲರ್. ನಾಯಕ ಜೇಸನ್ ಅಸಾನೊಗೆ ಸಿಗುವ ಶಕ್ತಿಗಳೆಲ್ಲ ಖಳನಾಯಕನಿಗೆ ಒಪ್ಪುವಂಥವು: ರಕ್ತ, ಕತ್ತಲು, ಪಾಪ, ವಿನಾಶ. ಒಳ್ಳೆಯವನಾಗಿ ಉಳಿಯಲು ಅವನು ಒದ್ದಾಡುವುದು ನನಗೆ ತುಂಬಾ ಇಷ್ಟ. ಮಿಲ್ಲರ್ ಅವನ ವಾಚಾಳಿತನವನ್ನು ಚೆನ್ನಾಗಿ ಹಿಡಿದಿದ್ದಾರೆ. ಆದರೆ ಮೊದಲ ಭಾಗವೇ 28 ಗಂಟೆಗೂ ಜಾಸ್ತಿ. ಒಂದೊಂದು ಶಕ್ತಿಯ ವಿವರವನ್ನೂ ಪೂರ್ತಿ ಓದುತ್ತಾರೆ, ಅದೂ ಮತ್ತೆ ಮತ್ತೆ. ಅಂಥ ಕಡೆ 30 ಸೆಕೆಂಡ್ ಮುಂದೆ ತಳ್ಳುವುದನ್ನು ರೂಢಿ ಮಾಡಿಕೊಂಡೆ. ಆಸ್ಟ್ರೇಲಿಯಾದ ಉಚ್ಚಾರ ಕಿವಿಗೆ ಹೊಂದುವವರೆಗೆ ವೇಗವನ್ನು 0.9ಕ್ಕೆ ಇಳಿಸಿದ್ದೆ. ಒಂದು ವಾರ ಸಾಕಾಯಿತು.

ಆ್ಯಪ್ ಬಗ್ಗೆ ಒಂದು ಎಚ್ಚರಿಕೆ. ನಾನು ಮೊದಲು ಬಳಸುತ್ತಿದ್ದದ್ದು ಫೋನ್ ಬದಲಿಸಿದಾಗ ಎಲ್ಲಿವರೆಗೆ ಕೇಳಿದ್ದೆ ಅನ್ನುವುದನ್ನೇ ಮರೆತುಬಿಟ್ಟಿತು. ಸಾವಿರಾರು ನಿಮಿಷದ ಕಥೆಯಲ್ಲಿ ಜಾಗ ಹುಡುಕುವುದು ಸಣ್ಣ ಕಷ್ಟ ಅಲ್ಲ. ಈಗ ಅಧ್ಯಾಯದ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುತ್ತೇನೆ. ಇನ್ನೊಂದು, ಕಾರ್ಲ್ ಸರಣಿಯಲ್ಲಿ ಬೈಗುಳ, ರಕ್ತಪಾತ ಎರಡೂ ಜಾಸ್ತಿ. ಕಾರಿನಲ್ಲಿ ಮಕ್ಕಳಿದ್ದರೆ ಸ್ಪೀಕರ್‌ನಲ್ಲಿ ಹಾಕಬೇಡಿ.

ಯಾವುದರಿಂದ ಶುರು ಮಾಡಲಿ ಅಂತ ಕೇಳಿದರೆ ಕಾರ್ಲ್ ಅಂತಲೇ ಹೇಳುತ್ತೇನೆ, ಗೇಮ್ ಮುಟ್ಟದವರಿಗೂ. ನಾನೀಗ ಆರನೆಯ ಭಾಗದಲ್ಲಿದ್ದೇನೆ. ಏಳನೆಯದು ಡೌನ್‌ಲೋಡ್ ಆಗಿ ಕೂತಿದೆ. ದೀಪಾವಳಿಗೆ ಊರಿಗೆ ಹೋಗುವ ರಾತ್ರಿ ಬಸ್ಸಿಗೆ ಅಂತ ಎತ್ತಿಟ್ಟಿದ್ದೇನೆ.