ಚೂಕ್‌ನ ಮುಳುಗಿದ ಹಡಗುಗಳು: ವೆನೋ ದ್ವೀಪದ ಒಂದು ಡೈವಿಂಗ್ ಕೇಂದ್ರದ ಸೇವೆ ಹೇಗಿದೆ?

ಪೆಸಿಫಿಕ್ ಸಾಗರದ ಮೈಕ್ರೋನೇಷ್ಯಾ ದೇಶಕ್ಕೆ ಸೇರಿದ ಚೂಕ್ ಲಗೂನಿನಲ್ಲಿ, ವೆನೋ ದ್ವೀಪದ ಒಂದು ಡೈವಿಂಗ್ ಕೇಂದ್ರದವರ ಜೊತೆ ಐದು ದಿನಗಳಲ್ಲಿ ಒಂಬತ್ತು ಬಾರಿ ನೀರಿಗಿಳಿದೆ. ಸುಮಾರು 225 ಕಿಲೋಮೀಟರ್ ಸುತ್ತಳತೆಯ ಹವಳದ ದಿಬ್ಬ ಬಳಸಿ ನಿಂತಿರುವ ಈ ಲಗೂನು ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ದೊಡ್ಡ ನೌಕಾನೆಲೆಯಾಗಿತ್ತು. 1944ರ ಫೆಬ್ರವರಿ 17 ಮತ್ತು 18ರಂದು ಅಮೆರಿಕದ ವಿಮಾನಗಳು ‘ಆಪರೇಷನ್ ಹೇಲ್‌ಸ್ಟೋನ್’ ದಾಳಿಯಲ್ಲಿ ಮುಳುಗಿಸಿದ ಹಡಗುಗಳನ್ನು ನೋಡಲೆಂದೇ ಜನ ಇಷ್ಟು ದೂರ ಬರುತ್ತಾರೆ. ಭಾರತದಿಂದ ಅಮೆರಿಕಕ್ಕೆ ಸೇರಿದ ಗುವಾಮ್ ದ್ವೀಪದ ಮಾರ್ಗವಾಗಿ ಹೋಗುವವರು ಅಮೆರಿಕದ ವೀಸಾ ಮೊದಲೇ ಪಡೆದಿರಬೇಕು.

ಈ ಕೇಂದ್ರದ ನಿಜವಾದ ಆಸ್ತಿ ಅಲ್ಲಿನ ಸ್ಥಳೀಯ ಮಾರ್ಗದರ್ಶಕರು. ಮೊದಲ ದಿನ ಅವರು ನಮ್ಮನ್ನು 132 ಮೀಟರ್ ಉದ್ದದ ಫುಜಿಕಾವಾ ಮಾರುವಿಗೆ ಕರೆದೊಯ್ದರು. ನೇರವಾಗಿ ಕುಳಿತಂತೆ ಮುಳುಗಿರುವ ಈ ಸರಕು ಹಡಗಿನ ಮುಂಭಾಗದ ಒಡಲಿನಲ್ಲಿ ಜಪಾನಿನ ‘ಜೀರೋ’ ಯುದ್ಧವಿಮಾನಗಳ ರೆಕ್ಕೆಗಳೂ ಚಾಲಕನ ಕೋಣೆಗಳೂ ಇಂದಿಗೂ ಗುರುತು ಹಿಡಿಯುವಂತೆ ಬಿದ್ದಿವೆ. ಒಳಗೆ ಹೋಗುವ ಮುನ್ನ, ಇಲ್ಲಿ ಸತ್ತವರು ಇದ್ದಾರೆ, ಯಾವುದನ್ನೂ ಎತ್ತಬಾರದು, ರೆಕ್ಕೆಪಾದದಿಂದ ಹೂಳು ಎಬ್ಬಿಸಬಾರದು ಎಂದು ಮಾರ್ಗದರ್ಶಕರು ದೋಣಿಯಲ್ಲೇ ನಿಧಾನವಾಗಿ ವಿವರಿಸಿದರು. ನಮ್ಮಲ್ಲೊಬ್ಬರು ಪಿಂಗಾಣಿ ಬಟ್ಟಲೊಂದನ್ನು ಫೋಟೋಗೆಂದು ಕೈಗೆತ್ತಿಕೊಂಡಾಗ, ಮಾರ್ಗದರ್ಶಕರು ಅದನ್ನು ಅವರಿಂದ ಪಡೆದು ಇದ್ದಲ್ಲೇ ಇಟ್ಟರು. ಆ ಗೌರವ ನನಗೆ ಬಹಳ ಮುಖ್ಯವೆನಿಸಿತು.

ಹವಳದ ವಿಷಯದಲ್ಲಿ ಮನಸ್ಸು ತುಂಬಿದ್ದು ಶಿಂಕೋಕು ಮಾರು ಎಂಬ ತೈಲ ಹಡಗಿನ ಮೇಲೆ. ಹವಳದ ಮರಿಗಳಿಗೆ ಅಂಟಿಕೊಳ್ಳಲು ಗಟ್ಟಿ ನೆಲೆ ಬೇಕು. ಲಗೂನಿನ ಮೆತ್ತನೆಯ ತಳದಲ್ಲಿ ಸಿಗದ ಆ ನೆಲೆಯನ್ನು ಉಕ್ಕಿನ ಮೈ ಒದಗಿಸಿದೆ, ಆಹಾರವನ್ನು ನೀರಿನ ಸೆಳೆತ ಹೊತ್ತು ತರುತ್ತದೆ. ಹೀಗಾಗಿ ಹಡಗಿನ ಮೇಲ್ಭಾಗದ ಕಂಬಿ, ಕಿಟಕಿ, ಏಣಿಗಳೆಲ್ಲ ಮೆದು ಹವಳಗಳಿಂದ ಮುಚ್ಚಿಹೋಗಿವೆ. ಅದೇ ಹಡಗಿನೊಳಗೆ ಶಸ್ತ್ರಚಿಕಿತ್ಸೆಯ ಮೇಜೂ ಇದೆ. ನೇತ್ರಾಣಿಯಲ್ಲಿ ಬಂಡೆಗೆ ಹಿಡಿದ ಹವಳವನ್ನು ಮಾತ್ರ ಕಂಡಿದ್ದ ನನಗೆ ಈ ನೋಟದಿಂದ ಕಣ್ಣು ಕೀಳಲಾಗಲಿಲ್ಲ. ಗಾಳಿ ಮುಗಿಯುವ ಹೊತ್ತಿಗೆ ಒಲ್ಲದ ಮನಸ್ಸಿನಿಂದಲೇ ಮೇಲೆ ಬಂದೆ.

ನಾನು ಒಪ್ಪದ ಸಂಗತಿಯನ್ನೂ ಹೇಳಬೇಕು. ನಾಲ್ಕನೆಯ ದಿನ ಸಾನ್ ಫ್ರಾನ್ಸಿಸ್ಕೊ ಮಾರು ಎಂಬ ಹಡಗಿಗೆ ಹೋಗೋಣವೆಂದು ಕೇಂದ್ರದವರು ದೋಣಿಯಲ್ಲಿದ್ದ ಎಲ್ಲರನ್ನೂ ಕರೆದರು. ಅದರ ಮೇಲ್ತಟ್ಟಿನ ಯುದ್ಧ ಟ್ಯಾಂಕುಗಳನ್ನು ನೋಡಲು ಸುಮಾರು 50 ಮೀಟರ್ ಇಳಿಯಬೇಕು. ಹವ್ಯಾಸಿ ಡೈವರುಗಳಿಗೆ ಸಾಮಾನ್ಯವಾಗಿ ಹಾಕಿರುವ ಮಿತಿ 40 ಮೀಟರ್. ಅಷ್ಟು ಆಳದಲ್ಲಿ ಸಾಮಾನ್ಯ ಗಾಳಿಯೊಳಗಿನ ಸಾರಜನಕವೇ ಅಮಲೇರಿಸಿ ವಿವೇಚನೆಯನ್ನು ಮಂಕಾಗಿಸುತ್ತದೆ. ಹೀಗಿದ್ದರೂ ಯಾರ ಅನುಭವ ಎಷ್ಟೆಂದು ಕೇಳಲಿಲ್ಲ. ಮೇಲೇರುವಾಗ, ದೇಹದ ಸಾರಜನಕ ಹೊರಹೋಗಲೆಂದು ತಂಗುವ ಜಾಗದಲ್ಲಿ ಹೆಚ್ಚುವರಿ ಗಾಳಿಯ ಸಿಲಿಂಡರನ್ನು ತೂಗುಹಾಕಿದ್ದು ನಾನು ಕೇಳಿದ ಮೇಲೆಯೇ. ನಾನು ಇಳಿಯದೆ ದೋಣಿಯಲ್ಲೇ ಉಳಿದೆ. ಇಳಿದವರೆಲ್ಲ ಕ್ಷೇಮವಾಗಿ ಬಂದರು, ಆದರೂ ಇಂಥ ಆಳಕ್ಕೆ ಪ್ರತ್ಯೇಕ ತರಬೇತಿ ಪಡೆದವರನ್ನಷ್ಟೇ ಕರೆದೊಯ್ಯಬೇಕೆಂಬ ನನ್ನ ಅಭಿಪ್ರಾಯ ಬದಲಾಗಿಲ್ಲ.

ಬಾಡಿಗೆಯ ಉಸಿರಾಟದ ಸಾಧನ ಚೆನ್ನಾಗಿತ್ತು, ಟಾರ್ಚ್ ಮಾತ್ರ ಮಂದವಾಗಿತ್ತು. ಹಡಗಿನೊಳಗೆ ಹೋಗುವವರು ಸ್ವಂತದ್ದು ಎರಡು ಒಯ್ಯುವುದು ಒಳ್ಳೆಯದು. ವಿಮಾನ ಹತ್ತುವ ಮುನ್ನ ದೇಹದಲ್ಲಿ ಉಳಿದ ಸಾರಜನಕ ಹೊರಹೋಗಲು ಬಿಡುವು ಬೇಕಾದ್ದರಿಂದ ಕೊನೆಯ ದಿನ ಯಾರನ್ನೂ ನೀರಿಗಿಳಿಸಲಿಲ್ಲ. ಆ ದಿನ ಬೇರೆ ಶುಲ್ಕವಿಲ್ಲದೆ, ಜಪಾನೀಯರ ಆಡಳಿತ ಕೇಂದ್ರವಾಗಿದ್ದ ಟೊನೊವಾಸ್ ದ್ವೀಪಕ್ಕೆ ದೋಣಿಯಲ್ಲಿ ಕರೆದೊಯ್ದು, ಕಾಡು ನುಂಗಿದ ಕಟ್ಟಡಗಳನ್ನು ಮಾರ್ಗದರ್ಶಕರೇ ಒಂದೊಂದಾಗಿ ತೋರಿಸಿದರು.