ಚೆಫಲೂ: ಬಂಡೆಯ ಬುಡದಲ್ಲೊಂದು ಊರು, ನಡೆದಷ್ಟೇ ದೂರದಲ್ಲಿ ಕಡಲು

ಸಿಸಿಲಿ ದ್ವೀಪದ ಉತ್ತರ ಕರಾವಳಿಯಲ್ಲಿರುವ ಚೆಫಲೂ ಊರನ್ನು ಹೆಚ್ಚಿನ ಪ್ರವಾಸಿಗರು ಪಲೆರ್ಮೊದಿಂದ ಬೆಳಿಗ್ಗೆ ರೈಲು ಹತ್ತಿ ಬಂದು, ಸಂಜೆಗೆ ಮುಂಚೆ ಹಿಂದಿರುಗಿ ನೋಡಿ ಮುಗಿಸುತ್ತಾರೆ. ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿಯಾದ್ದರಿಂದ ಅದು ಸಹಜವೇ. ಆದರೆ ಜೂನ್ ತಿಂಗಳಲ್ಲಿ ಮೂರು ರಾತ್ರಿ ಅಲ್ಲಿ ತಂಗಿ ಬಂದ ಮೇಲೆ, ಹೋಗುವವರಿಗೆಲ್ಲ ನಾನು ಕನಿಷ್ಠ ಎರಡು ರಾತ್ರಿಯಾದರೂ ಉಳಿಯಿರಿ ಎಂದೇ ಹೇಳುತ್ತಿದ್ದೇನೆ. ಈ ಊರಿನ ಅತ್ಯುತ್ತಮ ಹೊತ್ತುಗಳು ಎರಡು: ಬೆಳಗಿನ ಮೊದಲ ತಾಸು ಮತ್ತು ಮುಳುಗುವ ಸೂರ್ಯನ ತಾಸು. ಒಂದು ದಿನಕ್ಕೆಂದು ಬಂದವರಿಗೆ ಅವೆರಡೂ ದಕ್ಕುವುದಿಲ್ಲ.

ಊರಿನ ಬೆನ್ನಿಗೆ ಸುಮಾರು 270 ಮೀಟರ್ ಎತ್ತರದ ಒಂದು ದೊಡ್ಡ ಬಂಡೆ ನಿಂತಿದೆ. ತಲೆಯಂತೆ ಕಾಣುವ ಈ ಬಂಡೆಯಿಂದಲೇ, ತಲೆ ಎಂಬ ಅರ್ಥದ ಗ್ರೀಕ್ ಪದದ ಮೂಲಕ ಊರಿಗೆ ಹೆಸರು ಬಂದಿದೆ ಎನ್ನುತ್ತಾರೆ. ಆ ಬಂಡೆಗೂ ಕಡಲಿಗೂ ನಡುವಿನ ಇಕ್ಕಟ್ಟಿನ ಜಾಗದಲ್ಲಿ ಹಳೆಯ ಪೇಟೆ, ಅದರ ನಡುವೆ, ಉತ್ತರ ಫ್ರಾನ್ಸಿನಿಂದ ಬಂದು ಸಿಸಿಲಿಯನ್ನು ಆಳಿದ ನಾರ್ಮನ್ನರ ದೊರೆ ಎರಡನೇ ರೋಜರ್ 1131ರಲ್ಲಿ ಕಟ್ಟಲು ಆರಂಭಿಸಿದ ಪ್ರಧಾನ ಚರ್ಚು. ಕಡಲಿನಲ್ಲಿ ಬಿರುಗಾಳಿಗೆ ಸಿಕ್ಕಿದ್ದ ದೊರೆ ಇಲ್ಲಿನ ದಡಕ್ಕೆ ಸುರಕ್ಷಿತವಾಗಿ ತಲುಪಿ, ಹರಕೆ ತೀರಿಸಲು ಇದನ್ನು ಕಟ್ಟಿಸಿದನೆಂಬ ಐತಿಹ್ಯವನ್ನು ಊರಿನವರು ಇಂದಿಗೂ ಹೇಳುತ್ತಾರೆ. ಪಲೆರ್ಮೊದ ಅರಬ್-ನಾರ್ಮನ್ ಕಟ್ಟಡಗಳು ಮತ್ತು ಅದರ ಹತ್ತಿರದ ಮೊನ್ರಿಯಾಲೆ ಊರಿನ ಚರ್ಚಿನೊಂದಿಗೆ ಇದೂ 2015ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಚರ್ಚಿನ ಒಳಗೆ ಕಾಲಿಟ್ಟಾಗ ಮೊದಲು ಕಾಣುವುದು ಬರಿಯ ಗೋಡೆಗಳು. ಮೊನ್ರಿಯಾಲೆಯನ್ನು ನೋಡಿ ಬಂದವರಿಗೆ ಇದು ನಿರಾಸೆ ಎನಿಸಬಹುದು, ಅಲ್ಲಿ ಗೋಡೆಯ ಅಂಗುಲ ಅಂಗುಲವೂ ಚಿನ್ನದ ಮೊಸಾಯಿಕ್, ಅಂದರೆ ಪುಟ್ಟ ಹರಳುಗಳನ್ನು ಜೋಡಿಸಿ ಮಾಡಿದ ಚಿತ್ರ. ಆದರೆ ಇಲ್ಲಿನ ಬರಿದು ನನಗೆ ಹೆಚ್ಚು ಹಿಡಿಸಿತು. ಕಂಬಗಳ ಸಾಲಿನ ನಡುವೆ ನಡೆಯುತ್ತಾ ಹೋದಂತೆ ಕಣ್ಣು ಬೇರೆಲ್ಲೂ ನಿಲ್ಲದೆ, ನೇರವಾಗಿ ಗರ್ಭಗುಡಿಯಂತಹ ಕೊನೆಯ ಕಮಾನಿನ ಮೇಲಿರುವ ಕ್ರಿಸ್ತನ ಬೃಹತ್ ಮೊಸಾಯಿಕ್ ಚಿತ್ರಕ್ಕೆ ಹೋಗಿ ತಲುಪುತ್ತದೆ. ಬಲಗೈ ಆಶೀರ್ವಾದದ ಮುದ್ರೆಯಲ್ಲಿದೆ. ಎಡಗೈಯಲ್ಲಿ ತೆರೆದ ಪುಸ್ತಕವಿದ್ದು, ‘ನಾನೇ ಲೋಕದ ಬೆಳಕು’ ಎಂಬ ವಾಕ್ಯವನ್ನು ಒಂದು ಪುಟದಲ್ಲಿ ಗ್ರೀಕಿನಲ್ಲಿಯೂ ಇನ್ನೊಂದರಲ್ಲಿ ಲ್ಯಾಟಿನ್ನಿನಲ್ಲಿಯೂ ಬರೆದಿದ್ದಾರೆ. ಹಣೆಯ ಮೇಲೆ ಇಳಿಬಿದ್ದ ಒಂದೆರಡು ಕೂದಲೆಳೆಗಳನ್ನು ಕೂಡ ಹರಳು ಹರಳಾಗಿ ಜೋಡಿಸಿದ ಆ ಕೈಗಳ ತಾಳ್ಮೆಯನ್ನು ನೆನೆದು, ನಾನು ಕತ್ತು ನೋಯುವವರೆಗೂ ನಿಂತಿದ್ದೆ. 1148ರ ಈ ಕೆಲಸದಲ್ಲಿ ಬೈಜಾಂಟಿಯಂನ ಕುಶಲಕರ್ಮಿಗಳ ಕೈಯಿದೆ. ಪ್ರವಾಸಿ ಗುಂಪುಗಳು ಬರುವ ಮುನ್ನ, ಬಾಗಿಲು ತೆರೆದ ಕೂಡಲೇ ಹೋದರೆ ಮಾತ್ರ ಇಷ್ಟು ಹೊತ್ತು ನೆಮ್ಮದಿಯಾಗಿ ನೋಡಲು ಸಾಧ್ಯ. ಭುಜ ಮುಚ್ಚುವ ಬಟ್ಟೆ ಅಗತ್ಯ, ಕಡಲಿನಿಂದ ನೇರವಾಗಿ ಬಂದವರನ್ನು ಬಾಗಿಲಲ್ಲೇ ತಡೆದದ್ದನ್ನು ಕಂಡೆ.

ಚರ್ಚಿನಿಂದ ಕೆಲವೇ ನಿಮಿಷಗಳ ನಡಿಗೆಯಲ್ಲಿ ಮಧ್ಯಯುಗದ ಬಟ್ಟೆ ಒಗೆಯುವ ಕಟ್ಟೆಯಿದೆ. ಬೀದಿಯಿಂದ ಬಾಗಿದ ಮೆಟ್ಟಿಲುಗಳನ್ನು ಇಳಿದು ಹೋದರೆ, ತಂಪಾದ ಕಮಾನುಗಳ ಕೆಳಗೆ ಸಿಂಹಮುಖದ ಕಬ್ಬಿಣದ ಬಾಯಿಗಳಿಂದ ನೀರು ಕಲ್ಲಿನ ತೊಟ್ಟಿಗಳಿಗೆ ಬೀಳುತ್ತಲೇ ಇರುತ್ತದೆ. ತೊಟ್ಟಿಯ ಅಂಚಿನ ಓರೆಯಾದ ಕಲ್ಲು ತಲೆಮಾರುಗಳ ಉಜ್ಜುವಿಕೆಯಿಂದ ನುಣುಪಾಗಿದ್ದು, ಅಂಗೈ ಇಟ್ಟಾಗ ಅಜ್ಜಿಯ ಮನೆಯ ಹಿತ್ತಿಲಿನ ಒಗೆಯುವ ಕಲ್ಲನ್ನು ಮುಟ್ಟಿದಂತೆಯೇ ಆಯಿತು. ಇದನ್ನು ನೋಡಲು ಶುಲ್ಕವಿಲ್ಲ. ಮಾಂದ್ರಲಿಸ್ಕ ವಸ್ತುಸಂಗ್ರಹಾಲಯ ಚಿಕ್ಕದು, ಆದರೂ ಅಂತೊನೆಲ್ಲೊ ದ ಮೆಸ್ಸೀನ ಚಿತ್ರಿಸಿದ, ತುಟಿಯಂಚಿನಲ್ಲೇ ನಗುವ ಅಪರಿಚಿತನ ಭಾವಚಿತ್ರ ಒಂದಕ್ಕಾಗಿಯೇ ಟಿಕೆಟ್ ಕೊಳ್ಳಬಹುದು.

ಇನ್ನು ಕಡಲು. ಹಳೆಯ ಪೇಟೆಯ ಪಶ್ಚಿಮಕ್ಕೆ ಚಾಚಿಕೊಂಡಿರುವ ಮರಳು ದಂಡೆಯಲ್ಲಿ ನೀರು ಬಹುದೂರದವರೆಗೆ ಮೊಣಕಾಲು, ಸೊಂಟದ ಆಳವೇ ಇರುವುದರಿಂದ ಈಜು ಬಾರದವರಿಗೂ ಮಕ್ಕಳಿಗೂ ಹೇಳಿ ಮಾಡಿಸಿದಂತಿದೆ. ಅರಬ್ಬೀ ಸಮುದ್ರದ ಅಲೆಗಳ ಸೆಳೆತಕ್ಕೆ ಹೆದರಿ ಬೆಳೆದ ನನ್ನಂಥವರಿಗೆ ಈ ಶಾಂತ ನೀರು ಹೊಸ ಅನುಭವ. ದಂಡೆಯ ಬಹುಭಾಗವನ್ನು ಲಿಡೊ ಎಂದು ಕರೆಯುವ ಬಾಡಿಗೆ ಜಾಗಗಳ ಖಾಸಗಿ ನಿರ್ವಾಹಕರು ಛತ್ರಿ, ಕುರ್ಚಿಗಳಿಂದ ತುಂಬಿದ್ದಾರೆ, ಉಳಿದ ಭಾಗದಲ್ಲಿ ಸ್ವಂತ ಟವೆಲ್ ಹಾಸಿ ಉಚಿತವಾಗಿ ಕೂರಬಹುದು. ನಾವು ಒಂದು ಲಿಡೊದಲ್ಲಿ ಮೊದಲ ಸಾಲಿನ ಹಣ ಕೊಟ್ಟಿದ್ದರೂ ನಮ್ಮನ್ನು ನಾಲ್ಕನೆಯ ಸಾಲಿನಲ್ಲಿ ಕೂರಿಸಿದರು, ಕೇಳಿದಾಗ ಸರಿಯಾದ ಉತ್ತರವೂ ಸಿಗಲಿಲ್ಲ. ಹಾಗಾಗಿ ಛತ್ರಿಯನ್ನು ಕಣ್ಣಾರೆ ನೋಡಿದ ಮೇಲೆಯೇ ಹಣ ಕೊಡಿ. ಮರುದಿನ ಉಚಿತ ಜಾಗದಲ್ಲಿಯೇ ಕುಳಿತೆವು, ಕಡಲಿನ ಸುಖದಲ್ಲಿ ಕೊರತೆಯೇನೂ ಆಗಲಿಲ್ಲ. ಜನಜಂಗುಳಿ ಬೇಡವೆನ್ನುವವರಿಗೆ ಬಂಡೆಯ ಆಚೆ ಬದಿಯಲ್ಲಿ ಕಲ್ಲುಗಳ ನಡುವಿನ ಕಲ್ದೂರಾ ತೀರವಿದೆ, ಅಲ್ಲಿಗೆ ರಬ್ಬರ್ ಚಪ್ಪಲಿ ಬೇಕೇ ಬೇಕು.

ಸಸ್ಯಾಹಾರಿಗಳಿಗೆ ತೊಂದರೆಯಿಲ್ಲ. ಬದನೆಕಾಯಿಯನ್ನು ಹುಳಿ-ಸಿಹಿಯಾಗಿ ಬೇಯಿಸಿದ ಕಪೊನಾತಾ, ಬದನೆ ಮತ್ತು ಟೊಮೆಟೊ ಹಾಕಿದ ನೋರ್ಮಾ ಪಾಸ್ತಾ, ಕಡಲೆ ಹಿಟ್ಟಿನ ಪನೆಲ್ಲೆ ಎಲ್ಲವೂ ನಮ್ಮ ನಾಲಿಗೆಗೆ ಒಗ್ಗುತ್ತವೆ. ಬಿಲ್ಲಿನಲ್ಲಿ ತಲೆಗಿಷ್ಟು ಎಂದು ಸೇರಿಸುವ ಕೊಪೆರ್ತೊ ಅಲ್ಲಿನ ವಾಡಿಕೆ, ಅದನ್ನು ಮೋಸವೆಂದು ತಿಳಿಯಬಾರದು.

ಬಂಡೆಯನ್ನು ಹತ್ತುವುದಕ್ಕೆ ಟಿಕೆಟ್ ಇದೆ, ನೆರಳು ಕಡಿಮೆ, ಕಲ್ಲು ಜಾರುತ್ತದೆ. ನೀರಿನ ಬಾಟಲಿ ಹಿಡಿದು ಬೆಳಿಗ್ಗೆಯೇ ಹೊರಡಬೇಕು. ಅರ್ಧ ದಾರಿಯಲ್ಲಿ ದಯಾನಾ ದೇವಾಲಯವೆಂದು ಕರೆಯುವ ಭಾರಿ ಕಲ್ಲುಗಳ ಪುರಾತನ ಕಟ್ಟಡ ಸಿಗುತ್ತದೆ. ಮಂಡಿನೋವಿನ ಕಾರಣದಿಂದ ನನ್ನ ತಾಯಿ ಅಲ್ಲಿಗೇ ನಿಂತರು, ಆದರೆ ಚರ್ಚಿನ ಗೋಪುರಗಳು, ಹೆಂಚಿನ ಮಾಡುಗಳು ಮತ್ತು ನೀಲಿ ಕೊಲ್ಲಿ ಅದಕ್ಕೂ ಸ್ವಲ್ಪ ಕೆಳಗಿನ ತಿರುವಿನಿಂದಲೇ ಕಾಣುತ್ತವೆ.

ಕೊನೆಯ ಸಂಜೆ ನಾವು ಪೆಸ್ಕಾರಾ ಹೆಬ್ಬಾಗಿಲಿನಲ್ಲಿ ಕುಳಿತಿದ್ದೆವು. ಹಳೆಯ ಊರಿನ ಕೋಟೆಬಾಗಿಲುಗಳಲ್ಲಿ ಉಳಿದಿರುವ ಈ ಕಮಾನಿನ ಮೂಲಕ ಬೀದಿಯಿಂದ ನೇರವಾಗಿ ಪುಟ್ಟ ಮರಳಿನ ದಂಡೆಗೆ ಇಳಿಯಬಹುದು. ಎದುರಿನ ಕಡಲಿನಲ್ಲಿ ಸೂರ್ಯ ಇಳಿಯುತ್ತಿದ್ದಂತೆ ದಡದ ಮನೆಗಳ ಗೋಡೆಗಳೆಲ್ಲ ಜೇನಿನ ಬಣ್ಣಕ್ಕೆ ತಿರುಗಿದವು, ನಮ್ಮ ಪಕ್ಕದ ಮುದುಕರೊಬ್ಬರು ದೋಣಿಯ ಹಗ್ಗ ಸುತ್ತುತ್ತಾ ನನ್ನ ತಾಯಿಗೆ ಕೂರಲು ಜಾಗ ಬಿಟ್ಟುಕೊಟ್ಟರು.