ಡೀಸೆಲ್ ಎಂಜಿನ್ನಿಗೆ ಸೆಂಟ್ರಿಫ್ಯೂಜ್ ಆಯಿಲ್ ಫಿಲ್ಟರ್: ಯಾರಿಗೆ ಬೇಕು, ಯಾರಿಗೆ ಬೇಡ

ಆಯಿಲನ್ನು ಜೋರಾಗಿ ತಿರುಗಿಸಿ ಕೊಳೆಯನ್ನು ಬೇರ್ಪಡಿಸುವ ಸೆಂಟ್ರಿಫ್ಯೂಜ್ ಫಿಲ್ಟರ್ ಹಾಕಿಸಿದ ಮೇಲೂ ಡಿಪ್‌ಸ್ಟಿಕ್ ಎಳೆದರೆ ಆಯಿಲ್ ಕಪ್ಪಾಗಿಯೇ ಕಾಣುತ್ತದೆ. ಅದನ್ನು ಮೊದಲೇ ತಿಳಿದುಕೊಂಡು ಕೊಳ್ಳಬೇಕು. ಬಣ್ಣ ತಿಳಿಯಾಗಲಿಲ್ಲ, ದುಡ್ಡು ದಂಡವಾಯಿತು ಎಂದು ಬಿಚ್ಚಿ ಮೂಲೆಗಿಡುವವರು ಈ ಫಿಲ್ಟರನ್ನು ತಪ್ಪು ಅಳತೆಯಿಂದ ಅಳೆಯುತ್ತಾರೆ. ಆಯಿಲಿಗೆ ಕಪ್ಪು ಬರುವುದು ಮಸಿಯಿಂದ. ಮಸಿಯ ಬಿಡಿ ಕಣ ಸುಮಾರು 0.05 ಮೈಕ್ರಾನ್. ಇಷ್ಟು ಸಣ್ಣದು ಬಿಡಿಬಿಡಿಯಾಗಿ ತೇಲುತ್ತಿದ್ದರೆ ಅದರಿಂದ ಎಂಜಿನ್ನಿಗೆ ದೊಡ್ಡ ಕೇಡಿಲ್ಲ, ಅದನ್ನೆಲ್ಲ ಹಿಡಿಯುವ ಫಿಲ್ಟರೂ ಇಲ್ಲ. ಕೇಡು ಮಾಡುವುದು ಒಂದಕ್ಕೊಂದು ಅಂಟಿ ಗುಂಪಾದ ಮಸಿ, ಗಾಳಿಯೊಂದಿಗೆ ಒಳಬಂದ ಧೂಳು, ಲೈನರ್ ಮತ್ತು ರಿಂಗ್‌ಗಳಿಂದ ಸವೆದು ಬಂದ ಲೋಹದ ಹುಡಿ. ಬೇರಿಂಗಿನೊಳಗೆ ಆಯಿಲಿನ ಪದರ ಕೆಲವೇ ಮೈಕ್ರಾನ್ ದಪ್ಪ. ಆ ಸಂದಿಗೆ ಸರಿಯಾಗಿ ಕೂರುವ ಗಾತ್ರದ ಕಣವೇ ಹೆಚ್ಚು ಸವೆಸುತ್ತದೆ. ಎಂಜಿನ್ನಿನ ಜೊತೆ ಬರುವ ಮಾಮೂಲಿ ಫುಲ್-ಫ್ಲೋ (ಬೇರಿಂಗಿಗೆ ಹೋಗುವ ಅಷ್ಟೂ ಆಯಿಲ್ ಹಾದುಹೋಗುವ) ಪೇಪರ್ ಫಿಲ್ಟರ್ ಚೆನ್ನಾಗಿ ಹಿಡಿಯುವುದು 20ರಿಂದ 40 ಮೈಕ್ರಾನಿನ ಕಣಗಳನ್ನು. ಅದಕ್ಕಿಂತ ಸಣ್ಣದೆಲ್ಲ ದಾಟಿ ಹೋಗುತ್ತದೆ. ಸೆಂಟ್ರಿಫ್ಯೂಜಿಗೆ ಕೆಲಸ ಇರುವುದು ಅಲ್ಲಿಂದ ಕೆಳಗೆ.

ಇಲ್ಲಿ ನೋಡುತ್ತಿರುವುದು ಎಂಜಿನ್ನಿನ ಆಯಿಲ್ ಒತ್ತಡದಿಂದಲೇ ತಿರುಗುವ ಬೈಪಾಸ್ (ಆಯಿಲಿನ ಒಂದು ಪಾಲು ಮಾತ್ರ ಹಾದುಹೋಗುವ) ಸೆಂಟ್ರಿಫ್ಯೂಜನ್ನು. ಮೋಟಾರಿಲ್ಲ, ಬೆಲ್ಟಿಲ್ಲ, ವಿದ್ಯುತ್ತೂ ಬೇಡ. ಮಾನ್ ಪ್ಲಸ್ ಹುಮ್ಮೆಲ್, ಸ್ಪಿನ್ನರ್ 2 ಮುಂತಾದ ಹೆಸರುಗಳಲ್ಲಿ ಸಿಗುತ್ತದೆ. ಸ್ಕಾನಿಯಾದ ಅನೇಕ ಎಂಜಿನ್‌ಗಳಲ್ಲಿ ಕಂಪನಿಯಿಂದಲೇ ಕೂಡಿಸಿ ಬರುತ್ತದೆ. ಒಳಗಿನ ಏರ್ಪಾಡು ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ. ಒತ್ತಡದ ಆಯಿಲ್ ನಡುವಿನ ಟೊಳ್ಳು ಅಚ್ಚಾದ ಸ್ಪಿಂಡಲ್ ಮೂಲಕ, ಅದರ ಮೇಲೆ ತಿರುಗುವ ರೋಟರಿನ ಒಳಗೆ ಹೋಗಿ ಅದನ್ನು ತುಂಬುತ್ತದೆ. ರೋಟರಿನ ತಳದಲ್ಲಿ ಎದುರುಬದುರಾಗಿ, ಓರೆಯಾಗಿ ಕೊರೆದ ಎರಡು ಸಣ್ಣ ನಾಝಲ್‌ಗಳಿಂದ ಚಿಮ್ಮುತ್ತದೆ. ಚಿಮ್ಮಿದ ಎದುರು ದಿಕ್ಕಿಗೆ ರೋಟರ್ ತಿರುಗುತ್ತದೆ, ಹುಲ್ಲಿಗೆ ನೀರು ಹಾಯಿಸುವ ಸ್ಪ್ರಿಂಕ್ಲರಿನ ಹಾಗೆ. ನಾಝಲಿನಿಂದ ಬಿದ್ದ ಆಯಿಲಿಗೆ ಒತ್ತಡ ಉಳಿದಿರುವುದಿಲ್ಲ, ತನ್ನ ಭಾರಕ್ಕೆ ತಾನೇ ಸಂಪಿಗೆ (ಎಂಜಿನ್ನಿನ ತಳದ ಆಯಿಲ್ ತೊಟ್ಟಿಗೆ) ಇಳಿಯಬೇಕು. ಈ ಕೊನೆಯ ಮಾತು ಸಣ್ಣದಾಗಿ ಕಂಡರೂ, ಜೋಡಣೆ ಕೆಡುವುದು ಹೆಚ್ಚಾಗಿ ಇಲ್ಲೇ.

ಒಳ್ಳೆಯ ಒತ್ತಡ ಸಿಕ್ಕರೆ ರೋಟರ್ ನಿಮಿಷಕ್ಕೆ ಹಲವು ಸಾವಿರ ಸುತ್ತು ತಿರುಗುತ್ತದೆ. 50 ಮಿ.ಮೀ. ತ್ರಿಜ್ಯದ ರೋಟರ್ 6000 ಆರ್‌ಪಿಎಂನಲ್ಲಿದ್ದರೆ ಗೋಡೆಯ ಬಳಿ ಗುರುತ್ವದ ಸುಮಾರು 2000 ಪಟ್ಟು ಬಲ ಹುಟ್ಟುತ್ತದೆ. ಆಯಿಲಿಗಿಂತ ಭಾರವಾದ ಕಣಗಳನ್ನು ರೋಟರಿನ ಗೋಡೆಗೆ ತಳ್ಳಿ ಕೂರಿಸುವುದು ಈ ಬಲವೇ. ಅದೇ ರೋಟರ್ 3000ಕ್ಕೆ ಇಳಿದರೆ ಬಲ ಅರ್ಧವಾಗುವುದಿಲ್ಲ, ಕಾಲುಭಾಗಕ್ಕೆ, ಅಂದರೆ 500 ಪಟ್ಟಿಗೆ ಇಳಿಯುತ್ತದೆ. ವೇಗದ ವರ್ಗಕ್ಕೆ ತಕ್ಕಂತೆ ಬಲ ಬದಲಾಗುವುದರಿಂದ, ಸ್ವಲ್ಪ ನಿಧಾನವಾದ ರೋಟರ್ ಎಂದರೆ ತುಂಬ ಕೆಟ್ಟ ಫಿಲ್ಟರ್. ಆಯಿಲಿನ ಬಿಸಿಯೂ ಅಷ್ಟೇ ಮುಖ್ಯ. 15ಡಬ್ಲ್ಯೂ-40 ಆಯಿಲಿನ ಸ್ನಿಗ್ಧತೆ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 110 ಸೆಂಟಿಸ್ಟೋಕ್ ಇದ್ದರೆ, 100 ಡಿಗ್ರಿಯಲ್ಲಿ 14-15ಕ್ಕೆ ಬರುತ್ತದೆ. ಅದೇ ಕಣ ಅದೇ ಬಲದಲ್ಲಿ ಬಿಸಿ ಆಯಿಲಿನಲ್ಲಿ ಸುಮಾರು ಏಳು ಪಟ್ಟು ಬೇಗ ಗೋಡೆ ಸೇರುತ್ತದೆ. ಹತ್ತು ನಿಮಿಷ ಓಡಿ ನಿಲ್ಲುವ ಎಂಜಿನ್ನಿಗೆ ಇದನ್ನು ಹಾಕಿಸಿ ಏನೂ ಸಿಗದೆ ಹೋಗುವುದು ಈ ಕಾರಣಕ್ಕೆ.

ಪಂಪಿನ ಹರಿವಿನಲ್ಲಿ ನೂರಕ್ಕೆ 5ರಿಂದ 10 ಪಾಲು ಮಾತ್ರ ಇದರ ಮೂಲಕ ಹೋಗುತ್ತದೆ. ಕಡಿಮೆ ಎನ್ನಿಸಿದರೂ ಲೆಕ್ಕ ಹಾಕಿ ನೋಡಿ. ಸಂಪಿನಲ್ಲಿ 30 ಲೀಟರ್ ಇದ್ದು ನಿಮಿಷಕ್ಕೆ 5 ಲೀಟರ್ ಹಾದುಹೋದರೆ, ಗಂಟೆಗೆ ಹತ್ತು ಸಲ ಸಂಪಿನಷ್ಟು ಆಯಿಲ್ ರೋಟರಿನಲ್ಲಿ ಸುತ್ತಿ ಬಂದಂತೆ. ಒಂದೇ ಸಲಕ್ಕೆ ಸಿಗದ ಕಣ ಇಪ್ಪತ್ತನೆಯ ಸಲಕ್ಕೆ ಸಿಗುತ್ತದೆ. ಪೇಪರ್ ಫಿಲ್ಟರಿಗಿಂತ ಇದಕ್ಕಿರುವ ನಿಜವಾದ ಅನುಕೂಲ ಇನ್ನೊಂದು: ಗೋಡೆಗೆ ಕೂತ ಕೊಳೆ, ಅಂದರೆ ಕಿಟ್ಟ, ತುಂಬುತ್ತಾ ಹೋದಂತೆ ಇದರ ದಾರಿ ಕಟ್ಟಿಕೊಳ್ಳುವುದಿಲ್ಲ, ಹರಿವು ಹಾಗೇ ಇರುತ್ತದೆ. ಹಾಗೆಂದು ಫುಲ್-ಫ್ಲೋ ಫಿಲ್ಟರ್ ತೆಗೆದು ಇದೊಂದನ್ನೇ ಬಿಡುವಂತಿಲ್ಲ. ಬೇರಿಂಗಿಗೆ ಹೋಗುವ ಅಷ್ಟೂ ಆಯಿಲನ್ನು ಪ್ರತಿ ಸುತ್ತಿನಲ್ಲೂ ಕಾಯುವುದು ಪೇಪರ್ ಫಿಲ್ಟರೇ.

ಜೋಡಣೆಯ ವಿಚಾರಕ್ಕೆ ಬರೋಣ. ಫಿಲ್ಟರಿನ ಮನೆ (ಹೊರಗಿನ ಕವಚ) ಸಂಪಿನ ಆಯಿಲ್ ಮಟ್ಟಕ್ಕಿಂತ ಸಾಕಷ್ಟು ಮೇಲಿರಬೇಕು, ಸ್ಪಿಂಡಲ್ ನೆಟ್ಟಗೆ ನಿಂತಿರಬೇಕು. ವಾಪಸ್ ಬರುವ ಡ್ರೈನ್ ಪೈಪಿನ ಒಳವ್ಯಾಸ 25 ಮಿ.ಮೀ.ಗಿಂತ ಕಡಿಮೆ ಬೇಡ. ತಯಾರಕರು ಇನ್ನೂ ದಪ್ಪ ಹೇಳಿದ್ದರೆ ಅದನ್ನೇ ಹಾಕಿ. ಪೈಪ್ ಮೇಲಿನಿಂದ ಕೆಳಗಿನವರೆಗೆ ಇಳಿಜಾರಾಗಿಯೇ ಬರಬೇಕು. ನಡುವೆ ಎಲ್ಲಾದರೂ ಜೋತುಬಿದ್ದು ಮತ್ತೆ ಮೇಲೇರಿದರೆ ಅಲ್ಲಿ ಆಯಿಲ್ ನಿಂತು ಗಾಳಿಯ ದಾರಿ ಮುಚ್ಚುತ್ತದೆ, ಮನೆಯೊಳಗೆ ಆಯಿಲ್ ಏರುತ್ತದೆ, ರೋಟರಿನ ತಳ ಅದರಲ್ಲಿ ಮುಳುಗುತ್ತದೆ. ಮುಳುಗಿದ ರೋಟರ್ ಬೇಕಾದ ವೇಗ ಹಿಡಿಯುವುದೇ ಇಲ್ಲ. ಸಂಪಿಗೆ ಸೇರುವ ತುದಿ ಆಯಿಲ್ ಮಟ್ಟಕ್ಕಿಂತ ಮೇಲಿದ್ದರೆ ಒಳ್ಳೆಯದು. ಎತ್ತರ ಸಿಗದ ಕಡೆಗೆಂದೇ ಗಾಳಿಯ ಒತ್ತಡದಿಂದ ಆಯಿಲನ್ನು ಹೊರದೂಡುವ ಮಾದರಿಗಳಿವೆ. ಅವುಗಳಲ್ಲಿ ಗಾಳಿಯ ಲೈನು, ವಾಲ್ವು, ಫ್ಲೋಟು ಎಂದು ಕೆಡುವ ಭಾಗಗಳು ಹೆಚ್ಚು, ಹಾಗಾಗಿ ಎತ್ತರ ಸಿಗುವಲ್ಲಿ ಸಾದಾ ಮಾದರಿಯೇ ಮೇಲು.

ಒತ್ತಡದ ಲೈನನ್ನು ಎಂಜಿನ್ನಿನೊಳಗೆ ಆಯಿಲ್ ಹಂಚುವ ಮುಖ್ಯ ಗ್ಯಾಲರಿಯಿಂದಲೋ ಫಿಲ್ಟರ್ ಹೆಡ್ಡಿನಿಂದಲೋ ತೆಗೆಯುತ್ತಾರೆ. ಅಲ್ಲಿ ಕಟ್-ಆಫ್ ವಾಲ್ವ್ ಇರುವ ಮಾದರಿಯನ್ನೇ ಕೊಳ್ಳಿ. ಒತ್ತಡ ನಿಗದಿತ ಮಟ್ಟಕ್ಕಿಂತ, ಸಾಮಾನ್ಯವಾಗಿ 2 ಬಾರ್ ಆಸುಪಾಸಿಗಿಂತ, ಕೆಳಗಿಳಿದಾಗ ಅದು ಸೆಂಟ್ರಿಫ್ಯೂಜಿನ ದಾರಿ ಮುಚ್ಚಿ ಅಷ್ಟೂ ಆಯಿಲನ್ನು ಬೇರಿಂಗ್‌ಗಳಿಗೆ ಬಿಡುತ್ತದೆ. ಬಿಸಿಯೇರಿದ ಹಳೆಯ ಎಂಜಿನ್ ಐಡ್ಲಿಂಗ್‌ನಲ್ಲಿದ್ದಾಗ ಈ ವಾಲ್ವೇ ಕಾವಲು. ಹೋಸ್ ಬಿಸಿ ಆಯಿಲಿಗೆ ತಕ್ಕ ಹೈಡ್ರಾಲಿಕ್ ದರ್ಜೆಯದ್ದಾಗಿರಲಿ, ಎಲ್ಲೂ ಉಜ್ಜದಂತೆ ಕ್ಲಾಂಪ್ ಮಾಡಿಸಿ. ಈ ಹೋಸ್ ಒಡೆದರೆ ಪಂಪ್ ಸಂಪಿನ ಆಯಿಲನ್ನು ನೆಲಕ್ಕೆ ಸುರಿಯುತ್ತದೆ. ಮೊದಲ ಸಲ ಶುರು ಮಾಡಿ ನಿಲ್ಲಿಸಿದ ಮೇಲೆ ಮಟ್ಟ ನೋಡಿ, ರೋಟರ್ ಮತ್ತು ಪೈಪುಗಳು ತುಂಬಿಕೊಂಡಷ್ಟು ಆಯಿಲ್ ಸೇರಿಸಬೇಕು.

ರೋಟರ್ ತಿರುಗುತ್ತಿದೆಯೇ ಎಂದು ತಿಳಿಯಲು ಮೀಟರ್ ಬೇಡ. ಬಿಸಿಯಾದ ಎಂಜಿನ್ ನಿಲ್ಲಿಸಿ, ಮುಚ್ಚಳದ ಬಳಿ ಕಿವಿಗೊಡಿ. ಸಣ್ಣಗೆ ಗುಂಯ್ ಎನ್ನುವ ಸದ್ದು ಅರ್ಧ ನಿಮಿಷದಿಂದ ಒಂದು ನಿಮಿಷದವರೆಗೆ ಇಳಿಯುತ್ತಾ ಹೋಗಬೇಕು. ಎಂಜಿನ್ ನಿಂತ ಕೂಡಲೇ ಅದೂ ನಿಂತರೆ ಒಳಗೆ ತೊಂದರೆಯಿದೆ.

ಇನ್ನು ಸ್ವಚ್ಛಮಾಡುವ ಕೆಲಸ. ಈ ಫಿಲ್ಟರಿನ ಬಗ್ಗೆ ಬರುವ ದೂರುಗಳಲ್ಲಿ ಹೆಚ್ಚಿನವು ಇಲ್ಲಿ ಮಾಡಿದ ಅವಸರದಿಂದ ಹುಟ್ಟಿದವು. ರೋಟರ್ ಪೂರ್ತಿ ನಿಂತು, ಅದರೊಳಗಿನ ಆಯಿಲ್ ಇಳಿಯುವವರೆಗೆ ಕಾಯಬೇಕು. ಆಮೇಲೆ ಕ್ಲಾಂಪ್ ಸಡಿಲಿಸಿ ಮುಚ್ಚಳ ತೆಗೆದು, ರೋಟರನ್ನು ನೇರವಾಗಿ ಮೇಲಕ್ಕೆ ಎತ್ತಿ. ಓರೆಯಾಗಿ ಎಳೆದರೆ ಸ್ಪಿಂಡಲ್ ಬಾಗುತ್ತದೆ, ಬುಶ್ ಗೀರುತ್ತದೆ. ಮೇಲಿನ ನಟ್ ಬಿಚ್ಚಿ ಬಟ್ಟಲನ್ನು ಬೇರ್ಪಡಿಸಿದರೆ ಗೋಡೆಗೆ ರಬ್ಬರಿನಂತೆ ಗಟ್ಟಿಯಾಗಿ ಅಂಟಿದ ಕಪ್ಪು ಕಿಟ್ಟ ಕಾಣುತ್ತದೆ. ಪೇಪರ್ ಪಟ್ಟಿ ಹಾಕಿದ್ದರೆ ಪಟ್ಟಿಯ ಸಮೇತ ಸುಲಿದು ಬರುತ್ತದೆ. ಇಲ್ಲದಿದ್ದರೆ ಮರದ ಅಥವಾ ಪ್ಲಾಸ್ಟಿಕ್ ಚಪ್ಪಟೆ ತುಂಡಿನಿಂದ ಕೆರೆಯಿರಿ. ಸ್ಕ್ರೂ ಡ್ರೈವರ್ ಬೇಡವೇ ಬೇಡ, ಗೀರು ಬಿದ್ದ ಬಟ್ಟಲಿನ ತೂಕದ ಸಮತೋಲ ಕೆಡುತ್ತದೆ. ನಾಝಲ್‌ಗಳನ್ನು ಡೀಸೆಲಿನಲ್ಲಿ ತೊಳೆದು ಮೆತ್ತಗಿನ ಹಿತ್ತಾಳೆ ತಂತಿ ತೂರಿಸಿ, ಡ್ರಿಲ್ ಬಿಟ್ ಹಾಕಬೇಡಿ. ತೂತು ಒಂದಿಷ್ಟು ದೊಡ್ಡದಾದರೂ ಹರಿವು ಹೆಚ್ಚಿ ಎಂಜಿನ್ನಿನ ಒತ್ತಡ ಇಳಿಯುತ್ತದೆ. ಮತ್ತೆ ಜೋಡಿಸುವಾಗ ಬಟ್ಟಲು ಮತ್ತು ತಳದ ಗುರುತುಗಳು ಒಂದಕ್ಕೊಂದು ಎದುರಾಗಬೇಕು, ಅವೆರಡನ್ನೂ ಜೊತೆಯಾಗಿ ಬ್ಯಾಲೆನ್ಸ್ ಮಾಡಿರುತ್ತಾರೆ. ಒಂದರ ಬಟ್ಟಲನ್ನು ಇನ್ನೊಂದರ ತಳಕ್ಕೆ ಹಾಕುವಂತಿಲ್ಲ. ಓ-ರಿಂಗ್ ಪ್ರತಿ ಸಲ ಹೊಸದು. ಹಳೆಯದೇ ಇಟ್ಟರೆ ಆಯಿಲ್ ನಾಝಲಿಗೆ ಹೋಗುವ ಬದಲು ಸಂದಿಯಿಂದ ಚಿಮ್ಮಿ ವೇಗ ತಿನ್ನುತ್ತದೆ. ನಟ್ಟನ್ನು ಕೈಪಿಡಿ ಹೇಳಿದಷ್ಟೇ ಬಿಗಿ ಮಾಡಿ, ಸ್ಪಿಂಡಲಿಗೆ ಏರಿಸಿ ಬೆರಳಿನಿಂದ ತಿರುಗಿಸಿ ನೋಡಿ: ಎಲ್ಲೂ ಹಿಡಿಯಬಾರದು, ಅತ್ತಿತ್ತ ಜಗ್ಗಲೂಬಾರದು.

ಎಷ್ಟು ದಿನಕ್ಕೊಮ್ಮೆ? ಗಂಟೆಯ ಲೆಕ್ಕಕ್ಕಿಂತ ಕಿಟ್ಟದ ದಪ್ಪ ನಂಬಿಕಸ್ಥ. ತಯಾರಕರು ಗರಿಷ್ಠ ದಪ್ಪ ಕೊಟ್ಟಿರುತ್ತಾರೆ. ಮೊದಲ ಸಲ ಬೇಗ ತೆಗೆದು ಅಳೆದು, ಆ ಮಿತಿಯ ಮುಕ್ಕಾಲು ಪಾಲಿಗೆ ಬರುವಂತೆ ಅವಧಿ ಹೊಂದಿಸಿಕೊಳ್ಳಿ. ಮಿತಿ ಮೀರಿದರೆ ಕಣ ಕೂರುವ ಜಾಗವೇ ಇರುವುದಿಲ್ಲ. ಕಿಟ್ಟ ಒಂದು ಕಡೆ ಕಳಚಿಕೊಂಡರೆ ರೋಟರ್ ಅದುರಿ ಬುಶ್‌ಗಳನ್ನು ಮುಗಿಸುತ್ತದೆ.

ತೆಗೆದ ಕಿಟ್ಟವನ್ನು ಎಸೆಯುವ ಮೊದಲು ತೂಗಿ, ಓಡಿದ ಗಂಟೆಯಿಂದ ಭಾಗಿಸಿ ಬರೆದಿಡಿ. ಈ ಫಿಲ್ಟರಿನ ಅತ್ಯಂತ ಬೆಲೆಯುಳ್ಳ ಗುಣ ಇದೇ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ, ಹೆಚ್ಚು ಜನ ಬಳಸದೆ ಬಿಡುವುದೂ ಇದನ್ನೇ. ಗಂಟೆಗೆ ಇಷ್ಟು ಗ್ರಾಂ ಎಂಬ ಅಂಕಿ ಒಮ್ಮೆಲೇ ಏರಿದರೆ ಇಂಜೆಕ್ಟರ್ ಸರಿಯಾಗಿ ಸಿಂಪಡಿಸುತ್ತಿಲ್ಲ, ಟೈಮಿಂಗ್ ತಪ್ಪಿದೆ ಅಥವಾ ರಿಂಗ್ ಸವೆದು ಗ್ಯಾಸ್ ಕೆಳಗಿಳಿಯುತ್ತಿದೆ. ಬೆರಳುಗಳ ನಡುವೆ ಉಜ್ಜಿದಾಗ ಮರಳಿನಂತೆ ಚುರುಗುಟ್ಟಿದರೆ ಏರ್ ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ಹೋಸಿನಲ್ಲಿ ಸೀಳು ಹುಡುಕಿ. ಆಯಸ್ಕಾಂತಕ್ಕೆ ಅಂಟಿದರೆ ಕಬ್ಬಿಣ, ಅಂಟದ ಮಿನುಗು ಕಂಡರೆ ಬೇರಿಂಗಿನ ಲೋಹವಿರಬಹುದು. ಕಂದು ಬಣ್ಣದ ಮೆತ್ತನೆಯ ಲೋಳೆಯಾದರೆ ನೀರೋ ಕೂಲೆಂಟೋ ಸೇರಿದೆ. ಏನೂ ಇಲ್ಲದೆ ಬಟ್ಟಲು ಸ್ವಚ್ಛವಾಗಿದ್ದರೆ ಎಂಜಿನ್ ಸ್ವಚ್ಛ ಎಂದು ಹಿಗ್ಗಬೇಡಿ. ರೋಟರ್ ತಿರುಗದೆ ನಿಂತಿತ್ತು ಎಂಬುದೇ ಸಾಮಾನ್ಯ ಕಾರಣ.

ಇದರಿಂದ ಆಗದ ಕೆಲಸಗಳನ್ನೂ ಹೇಳಬೇಕು. ಆಯಿಲಿನಲ್ಲಿ ಬೆರೆತ ಡೀಸೆಲನ್ನು ಇದು ತೆಗೆಯದು. ಕರಗಿದ ನೀರನ್ನು, ಆಮ್ಲವನ್ನು ತೆಗೆಯದು. ತೀರಿದ ಅಡಿಟಿವ್‌ಗಳನ್ನು ಮರಳಿ ತುಂಬದು. ಇಂದಿನ ಒಳ್ಳೆಯ ಆಯಿಲ್‌ಗಳು ಮಸಿಯನ್ನು ಗುಂಪಾಗಲು ಬಿಡದೆ ಬಿಡಿಬಿಡಿಯಾಗಿ ತೇಲಿಸುತ್ತವೆ, ಆದ್ದರಿಂದ ಅಂಥ ಆಯಿಲಿನಲ್ಲಿ ಕಿಟ್ಟ ಕಡಿಮೆ ಬಂದರೆ ಅದು ಫಿಲ್ಟರಿನ ಸೋಲಲ್ಲ. ಆಯಿಲ್ ಬದಲಿಸುವ ಅವಧಿ ಹೆಚ್ಚಿಸಬೇಕೆಂದರೆ ಕಿಟ್ಟ ನೋಡಿ ತೀರ್ಮಾನಿಸದೆ ಲ್ಯಾಬಿಗೆ ಮಾದರಿ ಕಳಿಸಿ. ಟಿಬಿಎನ್ (ಆಮ್ಲವನ್ನು ತಟಸ್ಥ ಮಾಡಲು ಆಯಿಲಿನಲ್ಲಿ ಉಳಿದ ಶಕ್ತಿಯ ಅಳತೆ) ಹೊಸ ಆಯಿಲಿನ ಅರ್ಧಕ್ಕೆ ಇಳಿದಿದ್ದರೆ, ಡೀಸೆಲ್ ಬೆರೆತು ಸ್ನಿಗ್ಧತೆ ಕುಸಿದಿದ್ದರೆ, ಅಥವಾ ಕೂಲೆಂಟಿನ ಗುರುತಾದ ಸೋಡಿಯಂ, ಪೊಟ್ಯಾಸಿಯಂ ಏರಿದ್ದರೆ ಆಯಿಲ್ ಎಷ್ಟೇ ಸೋಸಿದ್ದರೂ ಚೆಲ್ಲಬೇಕಾದದ್ದೇ. ವಾರಂಟಿ ಅವಧಿಯಲ್ಲಿರುವ ಎಂಜಿನ್ನಾದರೆ ಕಂಪನಿಯ ಒಪ್ಪಿಗೆ ಬರವಣಿಗೆಯಲ್ಲಿ ಸಿಗದೆ ಅವಧಿ ಮುಟ್ಟಬೇಡಿ.

ಜನರೇಟರ್, ದೂರ ಓಡುವ ಲಾರಿ, ದೋಣಿ, ಮಣ್ಣೆತ್ತುವ ಯಂತ್ರ: ಸಂಪ್ ದೊಡ್ಡದಿದ್ದು, ಆಯಿಲ್ ಗಂಟೆಗಟ್ಟಲೆ ಬಿಸಿಯಾಗಿದ್ದು, ಒತ್ತಡ 3 ಬಾರ್ ಮೇಲೆ ನಿಲ್ಲುವ ಎಂಜಿನ್‌ಗಳಿಗೆ ಇದನ್ನು ಕಣ್ಣುಮುಚ್ಚಿ ಹೇಳಬಹುದು. ಐದಾರು ಲೀಟರ್ ಆಯಿಲಿನ ಕಾರಿಗೆ, ಹೆಚ್ಚು ಹೊತ್ತು ಐಡ್ಲಿಂಗ್‌ನಲ್ಲೇ ನಿಲ್ಲುವ ವಾಹನಕ್ಕೆ ಬೇಡ. ಅದೇ ದುಡ್ಡಿಗೆ ಆಯಿಲನ್ನು ಬೇಗ ಬದಲಿಸಿ. ಮನೆಯಲ್ಲೇ ಲೇತ್ ಹಿಡಿದು ರೋಟರ್ ಮಾಡಿಕೊಳ್ಳುವ ಯೋಚನೆ ಇದ್ದವರು ಆ ವೇಗದಲ್ಲಿ ಬಟ್ಟಲು ಸೀಳಿದರೆ ಏನಾಗುತ್ತದೆ ಎಂಬುದನ್ನು ಮೊದಲು ಲೆಕ್ಕ ಹಾಕಲಿ. ಇದು ಕೊಂಡೇ ಹಾಕಬೇಕಾದ ವಸ್ತು.

ಕೊಳ್ಳುವಾಗ ಬಿಚ್ಚಿ ತೊಳೆಯುವ ಬಟ್ಟಲಿನದೋ, ರೋಟರನ್ನೇ ಎಸೆದು ಹೊಸದು ಹಾಕುವ ಮಾದರಿಯೋ ನೋಡಿ. ಎರಡನೆಯದು ಕೈಗೆ ಕೊಳೆ ಮಾಡದು, ಆದರೆ ಹೊಸ ರೋಟರಿನ ಖರ್ಚು ಪ್ರತಿ ಸಲ ಇದ್ದದ್ದೇ, ಕಿಟ್ಟವನ್ನು ಬಿಡಿಸಿ ನೋಡುವ ಅವಕಾಶವೂ ಹೋಗುತ್ತದೆ. ನಮ್ಮ ಮತ ಮೊದಲನೆಯದಕ್ಕೆ. ಓ-ರಿಂಗ್, ಪೇಪರ್ ಪಟ್ಟಿ, ಮೇಲಿನ-ಕೆಳಗಿನ ಬುಶ್, ಸ್ಪಿಂಡಲ್ ಈ ನಾಲ್ಕೂ ಬಿಡಿಯಾಗಿ ಸಿಗುತ್ತವೆಯೇ ಎಂದು ಕೇಳಿ, ಎರಡು ಸಲಕ್ಕಾಗುವಷ್ಟು ಓ-ರಿಂಗ್ ಮತ್ತು ಪಟ್ಟಿಯನ್ನು ಫಿಲ್ಟರಿನ ಜೊತೆಗೇ ತೆಗೆದುಕೊಳ್ಳಿ.